ಬಲಗಡೆ ಸ್ಟೀರಿಂಗ್ ಇರುವ ಕಿಟ್ ಕಾರನ್ನು ಅಮೆರಿಕದಲ್ಲಿ ಇಟ್ಟುಕೊಳ್ಳಬಹುದಾ?

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ತಿರದ ನೀರ್ಚಾಲಿನವ, ಹನ್ನೊಂದು ವರ್ಷದಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದ್ದೇನೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಹೊರಗೆ ಮಳೆ ಬಿಡುತ್ತಿಲ್ಲ, ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಅಲ್ಲಿ ನಮ್ಮ ಮನೆಯಿಂದ ಎರಡು ಗಂಟೆ ದೂರದಲ್ಲಿ ಒಬ್ಬರು ತಾವೇ ಜೋಡಿಸಿದ ಕಿಟ್ ಕಾರನ್ನು ಮಾರುತ್ತಿದ್ದಾರೆ. ಲೋಟಸ್ ಸೆವೆನ್ ಮಾದರಿಯದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ತಂದ ಕಾರು ಅದು. ಎರಡೇ ಸೀಟು, ಸರಿಯಾದ ಬಾಗಿಲಿಲ್ಲ, ಮಾಡು ಅಂದರೆ ಒಂದು ಕ್ಯಾನ್ವಾಸ್ ಬಟ್ಟೆ ಅಷ್ಟೇ. ಆಗ ಅಲ್ಲಿ ಪೂರ್ತಿ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ, ಹಾಗಾಗಿ ಜನ ಪೆಟ್ಟಿಗೆಯಲ್ಲಿ ತಂದು ಮನೆಯ ಶೆಡ್ಡಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. 1973ರಲ್ಲಿ ಲೋಟಸ್‌ನಿಂದ ಕೇಟರ್‌ಹ್ಯಾಮ್‌ನವರು ಅದರ ಹಕ್ಕು ತಗೊಂಡರು, ಇವತ್ತಿಗೂ ಮಾಡುತ್ತಿದ್ದಾರೆ. ಮಾರುತಿ 800ಕ್ಕಿಂತ ಹಗುರ ಅಂದರೆ ನಿಮಗೆ ಅಂದಾಜಾಗಬಹುದು.

ಮಾರುವವರು ಇಂಗ್ಲೆಂಡಿನವರು. ಅದಕ್ಕೇ ಕಾರಿನ ಸ್ಟೀರಿಂಗ್ ನಮ್ಮೂರಿನ ಹಾಗೆ ಬಲಗಡೆ ಇದೆ. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಸ್ಟೀರಿಂಗ್ ಎಡಗಡೆ. ಅಂದರೆ ಇದರಲ್ಲಿ ನಾನು ರಸ್ತೆಯ ಅಂಚಿನ ಕಡೆ ಕೂರಬೇಕು.

ನೋಡಲು ಹೋದವನು ಒಮ್ಮೆ ಒಳಗೆ ಕೂತೆ. ನನಗೆ ಡ್ರೈವಿಂಗ್ ಕಲಿಸಿದ್ದು ಅಪ್ಪನ ಮಹೀಂದ್ರ ಜೀಪು. ಅಡಿಕೆ ಗೋಣಿ ಹೇರಿಕೊಂಡು ತೋಟದಿಂದ ಮೇಲಿನ ರಸ್ತೆಗೆ ಹತ್ತುವಾಗ ಒಂದನೇ ಗೇರಿಗೆ ಹಾಕಿ, ಎಡಗೈಯನ್ನು ಗೇರಿನ ಗುಂಡಿನ ಮೇಲೇ ಇಟ್ಟುಕೊಳ್ಳಬೇಕಿತ್ತು, ಇಲ್ಲದಿದ್ದರೆ ಗೇರು ಹಾರಿ ಬರುತ್ತಿತ್ತು. ಆ ಕಾರಲ್ಲಿ ಕೂತ ಕೂಡಲೇ ನನ್ನ ಎಡಗೈ ತಾನಾಗಿಯೇ ಗೇರಿನ ಮೇಲೆ ಹೋಗಿ ಕೂತಿತು. ಹನ್ನೊಂದು ವರ್ಷ ಆಗಿದೆ, ಆದರೂ ಕೈಗೆ ನೆನಪಿದೆ. ಅಲ್ಲಿಂದ ಮನಸ್ಸು ಬಿಡುತ್ತಿಲ್ಲ.

ಕೇಳಬೇಕಾದದ್ದು ಇಷ್ಟು. ಬಲಗಡೆ ಸ್ಟೀರಿಂಗ್‌ಗೆ ಅಲ್ಲಿ ಕಾನೂನಿನ ತೊಂದರೆ ಉಂಟಾ? ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವುದು ಹೇಗೆ? ಎಡಗಡೆಗೆ ಬದಲಾಯಿಸುವುದು ಒಳ್ಳೆಯದಾ? ಈ ತಿಂಗಳ ಕೊನೆಗೆ ಅವರಿಗೆ ಉತ್ತರ ಹೇಳಬೇಕು.

---

ಕುಂಬಳೆ_ಒಹಾಯೊ

ನಾನು ಕುಂಬಳೆಯವ, ಒಹಾಯೊದಲ್ಲಿದ್ದೇನೆ. ಆರು ವರ್ಷದಿಂದ ಇಂಥದ್ದೇ ಒಂದು ಗಾಡಿ, ಬಲಗಡೆ ಸ್ಟೀರಿಂಗಿನದ್ದು, ನನ್ನ ಗ್ಯಾರೇಜಲ್ಲಿದೆ. ಉದ್ದ ಆಗಬಹುದು, ಓದಿ.

ಮೊದಲು ಕಾನೂನು. ಸ್ಟೀರಿಂಗ್ ಬಲಗಡೆ ಇದೆ ಅಂತ ಯಾರೂ ನಿಲ್ಲಿಸುವುದಿಲ್ಲ. ಅಲ್ಲಿನ ಅಂಚೆ ಗಾಡಿಗಳನ್ನೇ ನೋಡಿ. ಗ್ರಮನ್ ಕಂಪೆನಿ 1987ರಿಂದ 1994ರವರೆಗೆ ಅಂಚೆ ಇಲಾಖೆಗೆ ಮಾಡಿಕೊಟ್ಟ ಬಿಳಿ ಗಾಡಿಗಳು ಒಂದು ಲಕ್ಷಕ್ಕೂ ಜಾಸ್ತಿ, ಎಲ್ಲವೂ ಬಲಗಡೆ ಸ್ಟೀರಿಂಗಿನವು. ಮನೆಮುಂದಿನ ಪೆಟ್ಟಿಗೆಗೆ ಕಾಗದ ಹಾಕಲು ಇಳಿಯಬೇಕಾಗಿಲ್ಲ ಅಂತ. ಹಳ್ಳಿ ಕಡೆ ಅಂಚೆಯವರು ಸ್ವಂತಕ್ಕೆ ಬಲಗಡೆ ಸ್ಟೀರಿಂಗಿನ ಜೀಪು ಇಟ್ಟುಕೊಂಡಿರುತ್ತಾರೆ. ಹಾಗಾಗಿ ಪೊಲೀಸರಿಗೆ ಇದು ಹೊಸ ದೃಶ್ಯ ಅಲ್ಲ.

ತೊಂದರೆ ಇರುವುದು ಸ್ಟೀರಿಂಗಲ್ಲಿ ಅಲ್ಲ, ಕಾಗದಪತ್ರದಲ್ಲಿ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಹೊರದೇಶದ ಪೂರ್ತಿ ಕಾರನ್ನು ಅಮೆರಿಕಕ್ಕೆ ತರಬೇಕಾದರೆ, ಅದು ಅಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ಮಾಡಿದ್ದಲ್ಲದಿದ್ದರೆ, 25 ವರ್ಷ ಹಳೆಯದಾಗಿರಬೇಕು. ಇಂಜಿನ್ ಇಲ್ಲದೆ ಬಿಡಿಭಾಗವಾಗಿ ಬಂದ ಕಿಟ್ಟಿನ ಲೆಕ್ಕ ಬೇರೆ, ಅದನ್ನು ಅಲ್ಲೇ ಜೋಡಿಸಿದರೆ ಆಮೇಲಿನ ನೋಂದಣಿಯೆಲ್ಲ ಆಯಾ ರಾಜ್ಯದ ನಿಯಮದಂತೆ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ, "ಇದನ್ನು ಎಲ್ಲಿ ಜೋಡಿಸಿದಿರಿ?" ಇಂಗ್ಲೆಂಡಿನಲ್ಲಿ ಜೋಡಿಸಿ, ಓಡಿಸಿ, ಹಡಗಲ್ಲಿ ತಂದದ್ದಾದರೆ ಸುರಕ್ಷತೆಗೆ ಎಚ್‌ಎಸ್-7, ಹೊಗೆ ನಿಯಮಕ್ಕೆ ಇಪಿಎ 3520-1 ಅನ್ನುವ ಎರಡು ಫಾರ್ಮು ಇರಲೇಬೇಕು, ಕಾರಿನ ವಯಸ್ಸೂ ಹೊಂದಬೇಕು. ಅಮೆರಿಕದಲ್ಲಿ ಜೋಡಿಸಿದ್ದಾದರೆ ಕಿಟ್ಟಿನ ಬಿಲ್ಲು, ಇಂಜಿನಿನ ಬಿಲ್ಲು, ಜೋಡಿಸುವಾಗಿನ ಫೋಟೊ ಕೇಳಿ.

ಎರಡನೆಯದು ಟೈಟಲ್. ನಮ್ಮ ಆರ್‌ಸಿ ಬುಕ್ಕಿನ ಹಾಗೆ ಅದು. ಕೆಲವರು ಪರೀಕ್ಷೆ ತಪ್ಪಿಸಲು ಎಲ್ಲೋ ಬಿದ್ದಿದ್ದ 1960ರ ದಶಕದ ಲೋಟಸ್ಸಿನ ಟೈಟಲನ್ನು ಹೊಸ ಕಿಟ್ಟಿಗೆ ಅಂಟಿಸಿರುತ್ತಾರೆ. ನಾನು ಮೊದಲು ಕೊಂಡ ಕಾರು ಅಂಥದ್ದು. ಟೈಟಲಲ್ಲಿ ಇದ್ದ ಚಾಸಿ ನಂಬರೇ ಬೇರೆ, ಗಾಡಿಯ ಮೇಲಿನ ತಗಡಲ್ಲಿ ಇದ್ದದ್ದೇ ಬೇರೆ. ದುಡ್ಡು ಕೊಟ್ಟ ಮೇಲೆ ಗೊತ್ತಾಯಿತು. ಏಳು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದೆ, ಕೊನೆಗೆ ನಷ್ಟ ಮಾಡಿಕೊಂಡು ಬಿಡಿಭಾಗಕ್ಕೆ ಮಾರಿದೆ. ಆ ಏಳು ತಿಂಗಳು ಕಾರು ಗ್ಯಾರೇಜಿಂದ ಹೊರಗೆ ಬಂದಿಲ್ಲ. ನಿಮಗೆ ಹಾಗಾಗಬಾರದು. ತಗಡಿನ ಫೋಟೊ, ಟೈಟಲಿನ ಫೋಟೊ, ಎರಡನ್ನೂ ತರಿಸಿ ಒಂದೊಂದೇ ಅಕ್ಷರ ಹೋಲಿಸಿ. ಟೈಟಲಲ್ಲಿ "ಸ್ಪೆಷಲಿ ಕನ್‌ಸ್ಟ್ರಕ್ಟೆಡ್", ಅಂದರೆ ಕಂಪೆನಿಯದ್ದಲ್ಲ, ಬಿಡಿಯಾಗಿ ಜೋಡಿಸಿದ ಗಾಡಿ, ಅಂತ ಇದ್ದರೆ ಒಳ್ಳೆಯದು, ಅದು ಸತ್ಯವಾದ ಟೈಟಲ್.

ಮುಂದೆ ಕ್ಯಾಲಿಫೋರ್ನಿಯಾ ಕಡೆ ಮನೆ ಬದಲಿಸುವ ಯೋಚನೆ ಇದ್ದರೆ ಮೊದಲೇ ಯೋಚಿಸಿ. ಹೊಗೆ ನಿಯಮದಿಂದ ವಿನಾಯಿತಿ ಇರುವ ಇಂಥ ಗಾಡಿ ಅಲ್ಲಿ ವರ್ಷಕ್ಕೆ 500 ಮಾತ್ರ, ಮೊದಲು ಬಂದವರಿಗೆ ಮೊದಲು.

ಇನ್ನು ಹೆಡ್‌ಲೈಟ್. ಇದನ್ನು ಯಾರೂ ಹೇಳುವುದಿಲ್ಲ. ಎಡಬದಿಯಲ್ಲಿ ಓಡುವ ದೇಶದ ದೀಪ ಡಿಮ್ ಮಾಡಿದಾಗ ಎಡದ ಅಂಚಿಗೆ ಸ್ವಲ್ಪ ಮೇಲೆ ಬೆಳಕು ಚೆಲ್ಲುತ್ತದೆ. ನಮ್ಮಲ್ಲಿ ಅದು ನಡೆದು ಹೋಗುವವರನ್ನು ತೋರಿಸಲು. ಅಮೆರಿಕದಲ್ಲಿ ಅದೇ ಬೆಳಕು ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ದೀಪದ ಗಾಜನ್ನು ನೋಡಿ. ಯುರೋಪಿನ ಗುರುತಿನ ದೀಪವಾದರೆ ಸಣ್ಣ ವೃತ್ತದೊಳಗೆ ಇಂಗ್ಲಿಷಿನ E ಅಕ್ಷರ ಇರುತ್ತದೆ, ಅದರ ಹತ್ತಿರ ನಿಮ್ಮ ಬಲಕ್ಕೆ ತೋರಿಸುವ ಒಂದೇ ಬಾಣ ಇದ್ದರೆ ಅದು ಎಡಬದಿ ಓಡಾಟದ ದೀಪ. ಬದಲಿಸಲೇಬೇಕು. ದೊಡ್ಡ ಖರ್ಚಲ್ಲ. ಈ ಕಾರುಗಳಲ್ಲಿ ಜಾಸ್ತಿ ಇರುವುದು 7 ಇಂಚಿನ ಗುಂಡು ದೀಪ, ಅಮೆರಿಕದಲ್ಲಿ 1940ರಿಂದ ಚಾಲ್ತಿಯಲ್ಲಿರುವ ಅಳತೆ, ನಿಮ್ಮ ಅಪ್ಪನ ಜೀಪಲ್ಲೂ ಅದೇ ಇರುತ್ತದೆ.

ಎಡಗಡೆಗೆ ಬದಲಿಸುವುದು ಬೇಡ. ಸ್ಟೀರಿಂಗ್ ರ‍್ಯಾಕ್, ಪೆಡಲ್ ಪೆಟ್ಟಿಗೆ, ಬ್ರೇಕಿನ ಪೈಪು, ಕಾಲಿಡುವ ಜಾಗದ ಶೀಟು, ಎಲ್ಲ ಬಿಚ್ಚಬೇಕು. ಇಂಜಿನಿನ ಒಂದು ಬದಿಗೆ ಎಕ್ಸಾಸ್ಟ್, ಇನ್ನೊಂದು ಬದಿಗೆ ಇನ್‌ಟೇಕ್, ಸ್ಟೀರಿಂಗಿನ ರಾಡು ಆ ಕಡೆಯಿಂದ ಹಾದು ಹೋಗಲು ಜಾಗ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ. ಒಳ್ಳೆಯ ಗಾಡಿ ಹಾಳಾಗುತ್ತದೆ.

ಓವರ್‌ಟೇಕ್ ಬಗ್ಗೆ ನಾಳೆ ಬರೆಯುತ್ತೇನೆ, ಡ್ಯೂಟಿಗೆ ಹೊತ್ತಾಯಿತು.

---

ಜೀಪು_ಮುಳ್ಳೇರಿಯ

ತಮ್ಮಾ, ನೀವು ಕೇಳುವ ಕಷ್ಟ ನಮ್ಮೂರಿಗೆ ಹೊಸತಲ್ಲ. ನಾನು ಎಡಗಡೆ ಸ್ಟೀರಿಂಗಿನ ಹಳೆ ವಿಲ್ಲಿಸ್ ಜೀಪನ್ನು ಹದಿನಾಲ್ಕು ವರ್ಷ ಓಡಿಸಿದ್ದೇನೆ. ಮೊದಲು ಬಂದ ಜೀಪುಗಳು ಹಾಗೆಯೇ ಇದ್ದವು, ನಮ್ಮ ಕಡೆ ಲೆಫ್ಟ್ ಹ್ಯಾಂಡ್ ಜೀಪು ಅಂತಲೇ ಹೆಸರು. ನಮ್ಮ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ನಲ್ಲಿ ಇವತ್ತಿಗೂ ಅದರ ಮಾತಿದೆ, ಎಡಗಡೆ ಸ್ಟೀರಿಂಗ್ ಇದ್ದರೆ ಸಿಗ್ನಲ್ ಸಾಧನ ಸರಿಯಾಗಿ ಕೆಲಸ ಮಾಡಬೇಕು ಅಂತ. ಯಾಕೆಂದರೆ ಎಡಗಡೆ ಕೂತವನು ಕೈ ಹೊರಗೆ ಹಾಕಿದರೆ ಹಿಂದಿನವನಿಗೆ ಸರಿಯಾಗಿ ಕಾಣುವುದಿಲ್ಲ.

ನಿಮಗೆ ಅಲ್ಲಿ ಆಗುವುದು ನನಗೆ ಇಲ್ಲಿ ಆಗಿದ್ದೇ, ಕನ್ನಡಿಯಲ್ಲಿ ನೋಡಿದ ಹಾಗೆ. ಚೆರ್ಕಳ ಜಾಲ್ಸೂರು ರಸ್ತೆಯಲ್ಲಿ ಮುಂದೆ ಒಂದು ಮರದ ಲಾರಿ ಸಿಕ್ಕಿದರೆ ನನಗೆ ಎದುರಿನ ರಸ್ತೆ ಒಂದು ಗೇಣೂ ಕಾಣುತ್ತಿರಲಿಲ್ಲ. ಇಣುಕಿ ನೋಡಬೇಕಾದರೆ ಅರ್ಧ ಗಾಡಿಯನ್ನು ಹೊರಗೆ ಹಾಕಬೇಕು, ಅಷ್ಟೊತ್ತಿಗೆ ಎದುರು ಬಸ್ಸು ಬಂದಿರುತ್ತದೆ. ಒಂದು ಸಲ ಆದೂರು ದಾಟಿದ ಮೇಲೆ ಹಾಗೇ ಆಯಿತು, ಬಸ್ಸಿನವನು ಮಣ್ಣಿಗೆ ಇಳಿಸಿದ್ದಕ್ಕೆ ನಾನು ಉಳಿದೆ. ಆಮೇಲೆ ನಾನು ಮಾಡಿದ್ದು ಎರಡೇ ಕೆಲಸ. ಒಂದು, ಲಾರಿಯ ಹಿಂದೆ ಅಂಟಿಕೊಳ್ಳುವುದು ಬಿಟ್ಟೆ. ಎರಡು ಲಾರಿ ಹಿಡಿಯುವಷ್ಟು ಜಾಗ ಬಿಟ್ಟರೆ ಕಣ್ಣಿಗೆ ಎಷ್ಟೋ ಜಾಸ್ತಿ ರಸ್ತೆ ಸಿಗುತ್ತದೆ. ಎರಡು, ಬಲಗಡೆ ಕೂರುವವನಿಗೆ ಕೆಲಸ ಕಲಿಸಿದೆ. ಲಾರಿಯ ಕ್ಲೀನರ್ ಎಡಗಡೆ ನೋಡಿ "ಬರ್ಲಿ, ಬರ್ಲಿ" ಅನ್ನುತ್ತಾನಲ್ಲ, ಹಾಗೆ ನನ್ನ ತಮ್ಮ ಬಲಗಡೆ ನೋಡುತ್ತಿದ್ದ. ಆದರೆ ಅವನಿಗೆ ನಾನು ಒಂದೇ ಮಾತು ಹೇಳಿಕೊಟ್ಟಿದ್ದೆ, "ಗಾಡಿ ಉಂಟು" ಅನ್ನು ಅಷ್ಟೇ, "ಹೋಗು" ಅನ್ನಬೇಡ. ಹೋಗುವುದು ಬಿಡುವುದು ಚಕ್ರ ಹಿಡಿದವನ ತೀರ್ಮಾನ.

ಸಂಪಾಜೆ ಘಾಟಿಯಲ್ಲಿ ಇನ್ನೊಂದು ಕಂಡುಕೊಂಡೆ. ರಸ್ತೆ ಎಡಕ್ಕೆ ತಿರುಗುವಲ್ಲಿ ನನಗೆ ಲಾರಿಯ ಎಡಬದಿಯಿಂದ ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತಿತ್ತು, ಬೇರೆ ಡ್ರೈವರುಗಳಿಗೆ ಕಾಣದ್ದು ನನಗೆ ಕಾಣುತ್ತಿತ್ತು. ನಿಮಗೆ ಅಲ್ಲಿ ಬಲಕ್ಕೆ ತಿರುಗುವ ಕಡೆ ಹಾಗೆ ಕಾಣುತ್ತದೆ. ಅಲ್ಲಿ ನೋಡಿ ಇಟ್ಟುಕೊಳ್ಳಿ, ನೇರ ರಸ್ತೆ ಬಂದ ಮೇಲೆ ಹೋಗಿ.

---

ಉಪ್ಪಳ_ಶಾರ್ಜಾ

ಮುಳ್ಳೇರಿಯದ ಅಣ್ಣ ಹೇಳಿದ್ದು ನೂರಕ್ಕೆ ನೂರು.

ನಾನು ವರ್ಷಕ್ಕೆ ಎರಡು ಸಲ ಬದಿ ಬದಲಿಸುವವನು. ಶಾರ್ಜಾದಲ್ಲಿ ಎಡಗಡೆ ಸ್ಟೀರಿಂಗ್, ಊರಿಗೆ ಬಂದರೆ ಬಲಗಡೆ. ಮೊದಲ ದಿನ ಬಲಗೈ ಗೇರು ಹುಡುಕಿಕೊಂಡು ಹೋಗಿ ಬಾಗಿಲಿಗೆ ಬಡಿಯುತ್ತದೆ, ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತದೆ. ಇದೆಲ್ಲ ಎರಡು ದಿನದಲ್ಲಿ ಸರಿಯಾಗುತ್ತದೆ, ಹೆದರಬೇಡಿ. ಪೆಡಲ್ ಎಲ್ಲಾ ಕಡೆ ಒಂದೇ ಸಾಲು, ಕ್ಲಚ್ ಎಡಕ್ಕೇ, ಗೇರಿನ ನಕ್ಷೆಯೂ ಅದೇ.

ಆದರೆ ನಿಮ್ಮದು ನಮ್ಮ ಹಾಗೆ ಅಲ್ಲ, ಅದನ್ನು ಹೇಳಬೇಕು. ನಾವು ಬದಿ ಬದಲಿಸುವಾಗ ಮನಸ್ಸಿಗೆ ಒಂದು ಸುಲಭದ ಗುರುತು ಇರುತ್ತದೆ, ಡ್ರೈವರ್ ಯಾವಾಗಲೂ ರಸ್ತೆಯ ನಡುವಿನ ಕಡೆ. ಊರಲ್ಲೂ ಹಾಗೆ, ಶಾರ್ಜಾದಲ್ಲೂ ಹಾಗೆ. ನಿಮ್ಮ ಕಾರಲ್ಲಿ ಆ ಗುರುತು ಕೈಕೊಡುತ್ತದೆ. ನೀವು ಹನ್ನೊಂದು ವರ್ಷದಿಂದ ಲೇನಿನ ಎಡಗೆರೆಯ ಹತ್ತಿರ ಕೂತು ಓಡಿಸಿದವರು. ಅಭ್ಯಾಸದಲ್ಲಿ ನಿಮ್ಮ ಮೈಯನ್ನು ಅಲ್ಲೇ ಇಟ್ಟುಕೊಳ್ಳಲು ನೋಡುತ್ತೀರಿ. ಆದರೆ ಈಗ ಕಾರಿನ ಉಳಿದ ಭಾಗ ನಿಮ್ಮ ಎಡಕ್ಕಿದೆ, ಅದು ಹಳದಿ ಗೆರೆ ದಾಟಿ ಎದುರಿನವರ ಲೇನಿಗೆ ಹೋಗಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನನ್ನ ಗೆಳೆಯನೊಬ್ಬ ಬ್ರಿಟನ್ನಿನ ಕಾರನ್ನು ಫ್ರಾನ್ಸಿಗೆ ತಗೊಂಡು ಹೋದಾಗ ಪೂರ್ತಿ ಒಂದು ದಿನ ಹಾಗೇ ಓಡಿಸಿದ್ದ. ಬಲಗಡೆಯ ಬಿಳಿ ಗೆರೆ ನಿಮ್ಮ ಮೊಣಕೈ ಕೆಳಗೇ ಓಡುತ್ತಿರಬೇಕು. ಅದೇ ನಿಮ್ಮ ಗುರುತು. ನಿಮ್ಮದರಲ್ಲಿ ಬಾಗಿಲೇ ಇಲ್ಲದ್ದರಿಂದ ಕಣ್ಣು ಕೆಳಗೆ ಹಾಕಿದರೆ ಕಾಣುತ್ತದಲ್ಲ, ಅದು ದೊಡ್ಡ ಲಾಭ.

ಸ್ವೀಡನ್ನಿನ ಕಥೆ ಗೊತ್ತಾ? ಅಲ್ಲಿ ಮೊದಲು ಎಡಬದಿ ಓಡಾಟ, ಆದರೆ ಜಾಸ್ತಿ ಕಾರುಗಳು ಎಡಗಡೆ ಸ್ಟೀರಿಂಗಿನವು. ಓವರ್‌ಟೇಕ್ ಮಾಡುವಾಗ ಎದುರು ಬದುರು ಡಿಕ್ಕಿ ಆಗುತ್ತದೆ ಅನ್ನುವುದೂ ಒಂದು ಕಾರಣವಾಗಿ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನೇ ಬಲಬದಿಗೆ ಬದಲಿಸಿದರು. ಹಾಗಾಗಿ ಓವರ್‌ಟೇಕನ್ನು ಸಣ್ಣ ವಿಷಯ ಅಂತ ತಿಳಿಯಬೇಡಿ.

ಇನ್ನೊಂದು. ತಪ್ಪಾಗುವುದು ಮೊದಲ ವಾರ ಅಲ್ಲ, ಆಗ ಮೈಯೆಲ್ಲಾ ಕಣ್ಣಾಗಿರುತ್ತೇವೆ. ಮೂರನೇ ವಾರ, ಬೆಳಿಗ್ಗೆ ಬೇಗ, ಖಾಲಿ ರಸ್ತೆ, ಪೆಟ್ರೋಲ್ ಪಂಪಿಂದ ಹೊರಗೆ ಬರುವಾಗ. ಎಡಗೈಯಲ್ಲಿ ಗೇರು ಹಾಕಿದ ಕೂಡಲೇ ಊರಿನ ನೆನಪಾಗಿ ಎಡಬದಿಗೆ ಹೋಗಿಬಿಡುತ್ತೀರಿ. ಡ್ಯಾಶಿನ ಮೇಲೆ ಕಣ್ಣಿಗೆ ಬೀಳುವಲ್ಲಿ ಬಲಕ್ಕೆ ಒಂದು ಬಾಣದ ಚೀಟಿ ಅಂಟಿಸಿ.

---

ಪೆರ್ಲದ ಅಕ್ಕ

ಎಲ್ಲರೂ ಸ್ಟೀರಿಂಗ್ ಯಾವ ಕಡೆ ಅಂತ ಹೇಳಿದಿರಿ. ನನಗೆ ಬೇರೆ ಚಿಂತೆ. ಆ ಕಾರಲ್ಲಿ ಏರ್‌ಬ್ಯಾಗ್ ಉಂಟಾ? ಬದಿಯಿಂದ ಗಾಡಿ ಬಂದು ಗುದ್ದಿದರೆ ಎಂತ ಉಂಟು ಅಲ್ಲಿ ತಡೆಯಲಿಕ್ಕೆ? ಅಮೆರಿಕದಲ್ಲಿ ಇಷ್ಟಿಷ್ಟು ಎತ್ತರದ ಪಿಕಪ್ ಗಾಡಿಗಳು. ಅವುಗಳ ಮಧ್ಯೆ ನೆಲಕ್ಕೆ ತಾಗಿದ ಕಾರು. ಓವರ್‌ಟೇಕ್ ಮಾಡುವಾಗ ಪಕ್ಕ ಕೂತು ನೋಡಬೇಕಾದವಳು ನಿಮ್ಮ ಹೆಂಡತಿ, ಗುದ್ದು ಬೀಳುವ ಬದಿಯಲ್ಲಿ ಇರುವವಳೂ ಅವಳೇ. ಅವಳನ್ನು ಕೇಳಿದಿರಾ? ಬೇಜಾರು ಮಾಡಬೇಡಿ, ಕೇಳಲೇಬೇಕು ಅಂತ ಅನಿಸಿತು.

---

ಕುಂಬಳೆ_ಒಹಾಯೊ

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಏರ್‌ಬ್ಯಾಗ್ ಇರುವುದಿಲ್ಲ. ಕಾರಲ್ಲಿ ಕೂತು ಲಾರಿಯ ಪಕ್ಕ ನಿಂತರೆ ಅದರ ಚಕ್ರದ ನಟ್ಟು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಿಂದೆ ಗಟ್ಟಿ ರೋಲ್ ಬಾರ್, ಅಂದರೆ ಗಾಡಿ ಮಗುಚಿದರೆ ತಲೆ ಕಾಯುವ ಕೊಳವೆಯ ಕಮಾನು, ಇರಬೇಕು, ಅದು ತಲೆಗಿಂತ ಎತ್ತರ ಇರಬೇಕು, ನಾಲ್ಕು ಬದಿಯ ಬೆಲ್ಟ್ ಇರಬೇಕು. ಇಲ್ಲದಿದ್ದರೆ ನಾನೂ ಬೇಡ ಅನ್ನುತ್ತೇನೆ. ನಾನು ಇದರಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ, ದೊಡ್ಡ ಹೆದ್ದಾರಿಗೂ ಜಾಸ್ತಿ ಹೋಗುವುದಿಲ್ಲ. ಮಳೆ ಬಂದರೆ ಕ್ಯಾನ್ವಾಸ್ ಹಾಕಿ ಓಡಿಸುವುದಿಲ್ಲ, ಎಲ್ಲಾದರೂ ನಿಂತುಬಿಡುತ್ತೇನೆ. ಕ್ಯಾನ್ವಾಸ್ ಹಾಕಿದರೆ ಎಡ ಹಿಂಬದಿ ಏನೂ ಕಾಣುವುದಿಲ್ಲ, ಬಲಗಡೆ ಕೂತವನಿಗೆ ಹೆದ್ದಾರಿ ಸೇರಿಕೊಳ್ಳುವಾಗ ಬೇಕಾದದ್ದು ಅದೇ ಕಡೆ. ತೆರೆದಿದ್ದರೆ ಮಾತ್ರ ಈ ಕಾರಿನಷ್ಟು ಚೆನ್ನಾಗಿ ಕಾಣುವ ಕಾರು ಬೇರೆ ಇಲ್ಲ. ಕಾರು ಕಿರಿದು, ಎರಡು ಸೀಟಿನ ಮಧ್ಯೆ ಸುಮಾರು ಎರಡು ಅಡಿ ಅಷ್ಟೇ, ಹಾಗಾಗಿ ದೊಡ್ಡ ಗಾಡಿಯಲ್ಲಿ ಬಲಗಡೆ ಕೂತಷ್ಟು ಕಷ್ಟ ಇಲ್ಲ.

ನಾನು ಜಾಗ್ರತೆ ಮಾಡುವ ಇನ್ನೊಂದು ಕಡೆ ಸಿಗ್ನಲಲ್ಲಿ ಎಡಕ್ಕೆ ತಿರುಗುವುದು. ಎದುರು ಎಡಕ್ಕೆ ತಿರುಗಲು ನಿಂತ ಪಿಕಪ್ ಇದ್ದರೆ ಅದರ ಹಿಂದಿನಿಂದ ಬರುವ ಗಾಡಿ ನನಗೆ ಕಾಣುವುದಿಲ್ಲ. ಹಸಿರು ಬಾಣ ಬರುವವರೆಗೆ ಕಾಯುತ್ತೇನೆ. ಹಿಂದಿನವನು ಹಾರ್ನ್ ಹಾಕಲಿ.

ಸಣ್ಣ ವಿಷಯ: ಟೋಲಿಗೆ ನಮ್ಮ ಫಾಸ್ಟ್ಯಾಗ್ ತರಹ ಈಜೀಪಾಸ್ ಹಾಕಿದರೆ ಕೈ ಚಾಚುವ ಕೆಲಸ ಇಲ್ಲ. ಕಾಫಿಯನ್ನು ಕಿಟಕಿಯಿಂದ ತಗೊಳ್ಳುವುದು ಆಗುವುದಿಲ್ಲ, ಇಳಿದು ಹೋಗಿ. ಇಳಿಯುವಾಗ ಬದಿಯ ಎಕ್ಸಾಸ್ಟ್ ನೋಡಿಕೊಳ್ಳಿ, ಕಾಲಿನ ಮೀನಖಂಡ ಸುಟ್ಟುಕೊಳ್ಳದವರು ಕಡಿಮೆ. ಅಗಲ ಅಟ್ಟೆಯ ಬೂಟು ಹಾಕಬೇಡಿ, ಬ್ರೇಕು ಒತ್ತುವಾಗ ಆಕ್ಸಿಲರೇಟರೂ ಸಿಗುತ್ತದೆ. ವಿಮೆಗೆ ಸಾಮಾನ್ಯ ಕಂಪೆನಿಯವರು ಹಿಂದೆಮುಂದೆ ನೋಡುತ್ತಾರೆ. ಹಳೆ ಕಾರು, ಕಿಟ್ ಕಾರಿಗೆ ಅಂತಲೇ ಇರುವ ಪಾಲಿಸಿ ತಗೊಳ್ಳಿ, ಬೆಲೆಯನ್ನು ಮೊದಲೇ ಒಪ್ಪಿ ಬರೆಸಿಕೊಳ್ಳಿ.

ನೀವು ನಾರ್ತ್ ಕೆರೊಲಿನಾದಲ್ಲಿ ಇರುವುದು ಮಾತ್ರ ಪುಣ್ಯ. ಬ್ಲೂ ರಿಡ್ಜ್ ಪಾರ್ಕ್‌ವೇ 469 ಮೈಲು, ಜಾಸ್ತಿ ಅಂದರೆ 45 ಮೈಲು ವೇಗ, ಸರಕು ಲಾರಿಗಳಿಗೆ ಪ್ರವೇಶ ಇಲ್ಲ. ಓವರ್‌ಟೇಕ್ ಮಾಡಬೇಕಾಗಿ ಬರುವುದೇ ಕಡಿಮೆ. ಡೀಲ್ಸ್ ಗ್ಯಾಪಿಗೂ ಒಮ್ಮೆ ಹೋಗಿ, 11 ಮೈಲಿಗೆ 318 ತಿರುವು. ಆದರೆ ಮೊದಲ ಮೂರು ತಿಂಗಳು ಬೇಡ. ವಾರದ ನಡುವೆ, ಬೆಳಿಗ್ಗೆ ಹೋಗಿ.

---

ನೀರ್ಚಾಲಿನವ

ಎಲ್ಲರಿಗೂ ಕೈಮುಗಿದು ಧನ್ಯವಾದ. ನಿನ್ನೆ ರಾತ್ರಿ ಅವರಿಗೆ ಫೋನು ಮಾಡಿದೆ.

ಕಿಟ್ಟು ಪೆಟ್ಟಿಗೆಯಲ್ಲಿ ಬಂದದ್ದು, ಇಂಜಿನ್ ಅಮೆರಿಕದಲ್ಲೇ ಕೊಂಡದ್ದು, ಅವರ ಗ್ಯಾರೇಜಲ್ಲೇ ಜೋಡಿಸಿದ್ದು. ಬಿಲ್ಲುಗಳನ್ನು ಒಂದು ಫೈಲಲ್ಲಿ ಇಟ್ಟಿದ್ದಾರೆ. ಟೈಟಲಲ್ಲಿ ಸ್ಪೆಷಲಿ ಕನ್‌ಸ್ಟ್ರಕ್ಟೆಡ್ ಅಂತಲೇ ಇದೆ, ವರ್ಷವೂ ಜೋಡಿಸಿದ ವರ್ಷವೇ. ತಗಡಿನ ಫೋಟೊ ಕಳಿಸಿದರು, ಅಪ್ಪ ಓದಿದರು, ನಾನು ಟೈಟಲಿನ ಜೊತೆ ಹೋಲಿಸಿದೆ. ಒಂದೊಂದು ಅಕ್ಷರವೂ ಸರಿ ಇದೆ.

ಹೆಡ್‌ಲೈಟಿನ ಫೋಟೊ ಕೇಳಿದಾಗ ಅವರಿಗೆ ಆಶ್ಚರ್ಯ. ಗಾಜಿನ ಕೆಳಗೆ ಬಾಣ ಇದೆ, ಬಲಕ್ಕೆ. ಇಷ್ಟು ವರ್ಷ ಹಗಲು ಮಾತ್ರ ಓಡಿಸಿದ್ದರಂತೆ, ನೋಡಿರಲೇ ಇಲ್ಲ. ದೀಪದ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡುತ್ತೇನೆ ಅಂದರು. ರೋಲ್ ಬಾರ್ ಇದೆ, ಆದರೆ ನನ್ನ ಎತ್ತರಕ್ಕೆ ಸಾಕಾ ಅಂತ ಕೂತು ಅಳೆಯಬೇಕು. ಅದು ಸಾಲದಿದ್ದರೆ ಎತ್ತರದ್ದು ಹಾಕಿಸುವವರೆಗೆ ದುಡ್ಡು ಕೊಡುವುದಿಲ್ಲ.

ಪೆರ್ಲದ ಅಕ್ಕ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಎರಡು ಷರತ್ತು ಹಾಕಿದಳು. ಮೊದಲ ಮೂರು ತಿಂಗಳು ಅವಳು ಕೂರುವುದಿಲ್ಲ, ನಾನು ಒಬ್ಬನೇ ಓಡಿಸಿ ಕಲಿಯಬೇಕು. ಆಮೇಲೆ ಅವಳು ಕೂತ ದಿನ ಓವರ್‌ಟೇಕೇ ಮಾಡಬಾರದು. ಎರಡಕ್ಕೂ ಒಪ್ಪಿದ್ದೇನೆ.

ಅಪ್ಪನ ಜೀಪು ಎರಡು ವರ್ಷದಿಂದ ಕೊಟ್ಟಿಗೆಯ ಪಕ್ಕ ನಿಂತಿದೆ. ಹೋಗುವ ಮೊದಲು ಒಂದು ವಾರವಾದರೂ ಅದರಲ್ಲಿ ಎಡಗೈಯ ಗೇರು ಅಭ್ಯಾಸ ಮಾಡಿಕೊಳ್ಳಬೇಕು ಅಂತ ಆಸೆ. ಬ್ಯಾಟರಿ ಹೊಸದು ಹಾಕಿದೆ, ಆದರೂ ಸ್ಟಾರ್ಟ್ ಆಗುತ್ತಿಲ್ಲ, ಕಟ್ ಕಟ್ ಅಂತ ಸದ್ದು ಮಾತ್ರ. ಮುಳ್ಳೇರಿಯದ ಅಣ್ಣ, ನಿಮಗೆ ಗೊತ್ತಿರುವ ಯಾರಾದರೂ ಮೆಕ್ಯಾನಿಕ್ ಇದ್ದಾರಾ?

---

ಜೀಪು_ಮುಳ್ಳೇರಿಯ

ಬೇರೆಯವರು ಯಾಕೆ? ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ಸೆಲ್ಫ್ ಮೋಟರಿನ ಬ್ರಷ್ ಹೋಗಿರಬೇಕು, ಇಲ್ಲದಿದ್ದರೆ ಅರ್ತ್ ವಯರು ತುಕ್ಕು ಹಿಡಿದಿರುತ್ತದೆ. ನಾನು ಬರುವವರೆಗೆ ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ಎರಡು ವರ್ಷ ನಿಂತ ಗಾಡಿಗೆ ಬ್ರೇಕು ಇರುವುದಿಲ್ಲ.